ಅಪೂರ್ಣ ಮನೆ, ಪೂರ್ಣ ಬೀದಿ
ಇಂದೋರಿನ ‘ಅರಣ್ಯ’ ಬಡಾವಣೆ: ಒಂದು ವಿಮರ್ಶೆ

‘ಬಸದಿ’ ಎಂಬ ಮಾತು ನಮ್ಮ ನಾಲಿಗೆಗೆ ಎಷ್ಟು ರೂಢಿಯಾಗಿದೆಯೆಂದರೆ ಅದರ ಮೂಲವನ್ನು ನಾವು ನೆನೆಯುವುದೇ ಇಲ್ಲ. ಅದು ‘ವಸತಿ’ ಎಂಬ ಸಂಸ್ಕೃತ ಶಬ್ದದಿಂದ ಬಂದ ತದ್ಭವ. ಜಿನಬಿಂಬದ ನೆಲೆಯನ್ನು ಹೆಸರಿಸಲು ನಮ್ಮ ಪೂರ್ವಿಕರು ವಾಸಸ್ಥಾನವೆಂಬ ಸರಳವಾದ ಮಾತನ್ನೇ ಆರಿಸಿಕೊಂಡರು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶ್ರಾವಕನ ದಾನಗಳನ್ನು ಎಣಿಸುವಾಗ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ಸೇರಿಸಿದ್ದಾರೆ. ಅಲ್ಲಿಯ ಪ್ರಸಕ್ತಿ ಸಂಯಮಿಗಳ ಸೇವೆಯದು ಎಂಬುದು ನಿಜ. ಆದರೆ ಸೂರು ಒದಗಿಸುವ ಕಾರ್ಯವು ಅನ್ನ ಮತ್ತು ಮದ್ದುಗಳ ಸಾಲಿನಲ್ಲಿಯೇ ನಿಲ್ಲತಕ್ಕದ್ದು ಎಂಬ ವಿವೇಕ ಅದರಲ್ಲಿ ಅಡಗಿದೆ.

ಅನ್ನದಾನ ಮಾಡುವವನಿಗೆ ಎಷ್ಟು ಬಡಿಸಬೇಕೆಂಬ ಸಂದೇಹ ಬರುವುದಿಲ್ಲ, ಉಣ್ಣುವವನೇ ಸಾಕೆನ್ನುತ್ತಾನೆ. ಆವಾಸದಾನದಲ್ಲಿ ಹಾಗಲ್ಲ. ಎಷ್ಟನ್ನು ಕಟ್ಟಿಕೊಡಬೇಕು, ಎಷ್ಟನ್ನು ಪಡೆಯುವವನ ಕೈಗೆ ಬಿಡಬೇಕು, ಹಣವನ್ನು ಗೋಡೆಗೆ ಹಾಕಬೇಕೋ ನೆಲದ ಕೆಳಗಿನ ಕೊಳವೆಗೆ ಹಾಕಬೇಕೋ ಎಂಬ ಪ್ರಶ್ನೆಗಳು ಏಳುತ್ತವೆ. ಇವು ಕೇವಲ ಇಂಜಿನಿಯರರ ಪ್ರಶ್ನೆಗಳಲ್ಲ, ನೀತಿಯ ಪ್ರಶ್ನೆಗಳು. ಬಡವರಿಗೆ, ಬಸದಿಯ ಸೇವಕರಿಗೆ, ನಿರಾಶ್ರಿತ ವೃದ್ಧರಿಗೆ ಮನೆ ಕಟ್ಟಿಸಬೇಕೆಂಬ ಸಂಕಲ್ಪ ಮಾಡುವ ಟ್ರಸ್ಟುಗಳ ಮುಂದೆಯೂ ಇವೇ ಬರುತ್ತವೆ. ಈ ಪ್ರಶ್ನೆಗಳನ್ನು ನಮ್ಮ ದೇಶದಲ್ಲಿ ಬಹಳ ಆಳವಾಗಿ ಆಲೋಚಿಸಿ ಕಟ್ಟಿದ ಒಂದು ಕೃತಿಯನ್ನು ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ. ಅದು ಮಧ್ಯಪ್ರದೇಶದ ಇಂದೋರ್ ನಗರದ ‘ಅರಣ್ಯ’ ಬಡಾವಣೆ. ಅದರ ಕರ್ತೃ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು.

ದೋಶಿಯವರು ೧೯೨೭ರಲ್ಲಿ ಪುಣೆಯಲ್ಲಿ ಜನಿಸಿದರು. ೧೯೫೦ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೆ ಅವರ ಕೈಕೆಳಗೆ ದುಡಿದು, ಅವರು ಅಹಮದಾಬಾದಿನಲ್ಲಿ ಕೈಗೊಂಡ ಕಟ್ಟಡಗಳ ಉಸ್ತುವಾರಿಗಾಗಿ ಸ್ವದೇಶಕ್ಕೆ ಮರಳಿದರು. ಅತ್ಯಂತ ಕೆಳವರ್ಗದ ಜನರಿಗೆ ಯೋಗ್ಯವಾದ ವಸತಿ ಒದಗಿಸುವ ಪ್ರತಿಜ್ಞೆಯನ್ನು ಅವರು ೧೯೫೪ರಷ್ಟು ಹಿಂದೆಯೇ ಮಾಡಿಕೊಂಡಿದ್ದರು. ೨೦೧೮ರಲ್ಲಿ ವಾಸ್ತುಶಿಲ್ಪಕ್ಕೆ ಮೀಸಲಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ೨೦೨೩ರ ಜನವರಿಯಲ್ಲಿ ನಿಧನರಾದರು. ಕನ್ನಡಿಗರಿಗೆ ಅವರ ಕೆಲಸ ಅಪರಿಚಿತವಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಅವರದೇ ವಿನ್ಯಾಸ. ಒರಟು ಕಲ್ಲಿನ ಗೋಡೆಗಳ ನಡುವೆ ಅರ್ಧ ಬಿಸಿಲು, ಅರ್ಧ ನೆರಳು ಬೀಳುವ ಆ ಉದ್ದನೆಯ ಪಡಸಾಲೆಗಳಲ್ಲಿ ನಡೆದವರಿಗೆ ಒಂದು ವಿಷಯ ಹೊಳೆಯದಿರದು: ಈ ಶಿಲ್ಪಿಗೆ ಕೋಣೆಗಿಂತಲೂ ಕೋಣೆ ಕೋಣೆಗಳ ನಡುವಣ ಜಾಗದ ಮೇಲೆ ಹೆಚ್ಚು ಮಮತೆ.

ಅರಣ್ಯ ಬಡಾವಣೆಯ ಯೋಜನೆ ೧೯೮೦ರ ದಶಕದಲ್ಲಿ ರೂಪುಗೊಂಡಿತು. ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪರವಾಗಿ, ದೋಶಿಯವರು ಸ್ಥಾಪಿಸಿದ ವಾಸ್ತುಶಿಲ್ಪ ಫೌಂಡೇಶನ್ ಇದನ್ನು ಯೋಜಿಸಿತು. ವಿಶ್ವಬ್ಯಾಂಕಿನ ನೆರವೂ ಇತ್ತು. ನಗರದ ಕೇಂದ್ರದಿಂದ ಸುಮಾರು ೬ ಕಿಲೋಮೀಟರ್ ದೂರದಲ್ಲಿ, ಸುಮಾರು ೮೫ ಹೆಕ್ಟೇರ್ ಭೂಮಿಯಲ್ಲಿ ೬,೫೦೦ರಷ್ಟು ನಿವೇಶನಗಳು. ಇವುಗಳಲ್ಲಿ ಹೆಚ್ಚಿನವು ಕಡುಬಡವರಿಗೆ ಮೀಸಲು. ಬಡವನ ನಿವೇಶನದ ಅಳತೆ ಸುಮಾರು ೩೫ ಚದರ ಮೀಟರ್. ನಮ್ಮ ಊರುಗಳಲ್ಲಿ ಮಧ್ಯಮ ವರ್ಗದವರು ಕನಸುವ ಮೂವತ್ತು ನಲವತ್ತರ ಸೈಟಿನ ಮೂರನೆಯ ಒಂದು ಪಾಲಿಗೂ ಇದು ಕಡಿಮೆ. ಇದೇ ಬಡಾವಣೆಯಲ್ಲಿ ೪೭೫ ಚದರ ಮೀಟರಿನ ನಿವೇಶನಗಳೂ ಇವೆ. ದೊಡ್ಡ ನಿವೇಶನಗಳ ಮಾರಾಟದಿಂದ ಬಂದ ಲಾಭವು ಚಿಕ್ಕವುಗಳ ಬೆಲೆಯನ್ನು ತಗ್ಗಿಸಬೇಕೆಂಬುದು ಲೆಕ್ಕಾಚಾರ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಈ ಸಾವಿರಾರು ಬಡ ಕುಟುಂಬಗಳಿಗೆ ಮನೆಯನ್ನು ಕಟ್ಟಿಕೊಡಲಿಲ್ಲ. ಕೊಟ್ಟದ್ದು ನೆಲದ ಹಕ್ಕು, ತಳಪಾಯ, ಶೌಚ ಮತ್ತು ಸ್ನಾನಕ್ಕೆ ಒಂದು ಚಿಕ್ಕ ಕಟ್ಟಡ, ನೀರು ಮತ್ತು ವಿದ್ಯುತ್ತಿನ ಸಂಪರ್ಕ. ಕೆಲವರಿಗೆ ಅದರೊಂದಿಗೆ ಒಂದು ಕೋಣೆ. ಉಳಿದುದನ್ನು ಅವರವರು ತಮ್ಮ ಶಕ್ತಿ, ತಮ್ಮ ಕಾಲ, ತಮ್ಮ ರುಚಿಗೆ ತಕ್ಕಂತೆ ಕಟ್ಟಿಕೊಳ್ಳಬೇಕು. ಹೇಗೆಲ್ಲ ಕಟ್ಟಬಹುದೆಂದು ತೋರಿಸಲು ದೋಶಿಯವರು ೮೦ ಮಾದರಿ ಮನೆಗಳನ್ನು ರಚಿಸಿದರು. ಒಂದೇ ಕೋಣೆಯ ಗೂಡಿನಿಂದ ಹಿಡಿದು ಮಹಡಿ, ಹೊರಮೆಟ್ಟಿಲು, ಬಾಲ್ಕನಿಗಳ ವಿಶಾಲವಾದ ಮನೆಯವರೆಗೆ ಅವುಗಳ ವ್ಯಾಪ್ತಿ. ೧೯೯೫ರಲ್ಲಿ ಈ ಯೋಜನೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಲಭಿಸಿತು. ೨೦೧೮ರ ಪ್ರಿಟ್ಜ್‌ಕರ್ ಪ್ರಶಸ್ತಿಯ ಸಂದರ್ಭದಲ್ಲಿ, ಈ ಬಡಾವಣೆ ೮೦,೦೦೦ಕ್ಕೂ ಮಿಕ್ಕ ಜನರಿಗೆ ನೆಲೆಯೊದಗಿಸಿದೆಯೆಂದು ಹೇಳಲಾಯಿತು.

ಪೂರ್ಣಗೊಂಡ ಮನೆಯನ್ನು ಕೊಡದೆ ಅಪೂರ್ಣವಾದುದನ್ನು ಕೊಟ್ಟದ್ದೇಕೆ? ಇದರ ಹಿಂದೆ ಒಂದು ಅಧ್ಯಯನವಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅಲ್ಪವೆಚ್ಚದ ವಸತಿ ಅಧ್ಯಯನ ತಂಡದವರು ವಾಸ್ತುಶಿಲ್ಪ ಫೌಂಡೇಶನ್ನಿನೊಂದಿಗೆ ಸೇರಿ ಇಂದೋರಿನ ಕೊಳೆಗೇರಿಗಳಲ್ಲಿ ಕುಳಿತು ಅಲ್ಲಿಯ ಬೀದಿಗಳನ್ನು ಅಳೆದು, ಬರೆದು, ೧೯೮೪ರಲ್ಲಿ ವರದಿಯನ್ನು ಪ್ರಕಟಿಸಿದರು. ಬಡವನ ಮನೆ ಅವನ ಗೋಡೆಯ ಬಳಿ ಮುಗಿಯುವುದಿಲ್ಲ ಎಂಬುದು ಆ ವೀಕ್ಷಣೆಯ ಸಾರ. ಅಡಿಗೆ, ಪಾತ್ರೆ ತೊಳೆಯುವುದು, ಬೀಡಿ ಕಟ್ಟುವುದು, ಮಗುವನ್ನು ಮಲಗಿಸುವುದು, ಚಿಲ್ಲರೆ ವ್ಯಾಪಾರ, ಬೇಸಿಗೆಯ ನಿದ್ರೆ, ನೆರೆಯವರೊಂದಿಗೆ ಕಷ್ಟಸುಖ ಎಲ್ಲವೂ ಬಾಗಿಲ ಮುಂದಿನ ನಾಲ್ಕಡಿ ಜಾಗದಲ್ಲಿ ನಡೆಯುತ್ತವೆ. ಮಾಲವ ಪ್ರಾಂತದವರು ಅದನ್ನು ‘ಓಟ್ಲಾ’ ಎನ್ನುತ್ತಾರೆ. ನಾವು ಜಗಲಿ ಎನ್ನುತ್ತೇವೆ. ಅಧಿಕಾರಿಯ ಕಣ್ಣಿಗೆ ಅದು ಒತ್ತುವರಿ. ಅಲ್ಲಿ ಬದುಕುವವರಿಗೆ ಅದು ಮನೆಯ ಅತ್ಯಂತ ಉಪಯುಕ್ತವಾದ ಕೋಣೆ.

ಅರಣ್ಯದ ನಕ್ಷೆ ಈ ಅರಿವಿನಿಂದ ಹುಟ್ಟಿದೆ. ಮಾದರಿ ವಠಾರದಲ್ಲಿ ಹಿತ್ತಿಲಲ್ಲಿ ಅಂಗಳವುಳ್ಳ ೧೦ ಮನೆಗಳು ಒಂದು ಗುಂಪಾಗಿ ಬೀದಿಗೆ ತೆರೆದುಕೊಳ್ಳುತ್ತವೆ. ಮನೆಗೂ ಬೀದಿಗೂ ನಡುವೆ ಜಗಲಿಗೆ, ಮೆಟ್ಟಿಲಿಗೆ, ಒಂದು ತುಳಸಿಗಿಡಕ್ಕೆ ಜಾಗವನ್ನು ನಿಯಮದಿಂದಲೇ ಬಿಟ್ಟಿದೆ. ಬೀದಿಗಳು ಒಂದೇ ಅಗಲದ ಗೆರೆಗಳಲ್ಲ. ಅವು ಕಿರಿದಾಗಿ, ತಿರುಗಿ, ನಾಲ್ಕಾರು ಮನೆಗಳ ಮುಂದೆ ಚೌಕವಾಗಿ ಅಗಲಗೊಂಡು, ಅಲ್ಲೊಂದು ಮರಕ್ಕೆ ಎಡೆಮಾಡಿ ಮತ್ತೆ ಮುಂದುವರಿಯುತ್ತವೆ. ಒಟ್ಟಿನಲ್ಲಿ ಶಿಲ್ಪಿಯು ಮನೆಯನ್ನು ಅಪೂರ್ಣವಾಗಿ ಬಿಟ್ಟು ಬೀದಿಯನ್ನು ಪೂರ್ಣವಾಗಿ ಯೋಚಿಸಿದ್ದಾನೆ. ಸಾಮಾನ್ಯವಾಗಿ ಸರ್ಕಾರಿ ವಸತಿಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಮನೆ ಪೂರ್ಣವಾಗಿರುತ್ತದೆ, ಬೀದಿಯೆಂಬುದು ಉಳಿದ ಜಾಗ ಮಾತ್ರ.

ಪೂರ್ಣ ಮನೆಗಳ ಗತಿ ಏನಾಗುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಈಜಿಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ಕಟ್ಟಿದ ಬಹುಮಹಡಿ ವಸತಿಗೃಹಗಳು ಹೆಚ್ಚು ಕಾಲ ಬಾಳಲಿಲ್ಲ. ಅವು ಶಿಥಿಲಗೊಂಡು, ಒಂದು ಭಾಗ ಕುಸಿದು, ಕೊನೆಗೆ ನೆಲಸಮವಾದವು. ಅದೇ ಜಾಗದಲ್ಲಿ ಶೆಡ್ಡು ಹಾಕಿಕೊಂಡಿದ್ದ ಕುಟುಂಬಗಳನ್ನು ೨೦೧೩ರ ಜನವರಿಯಲ್ಲಿ ತೆರವುಗೊಳಿಸಲಾಯಿತು. ಬಹುಮಹಡಿಯ ಕಟ್ಟಡದಲ್ಲಿ ವಾಸಿಸುವ ಬಡವನು ತನ್ನ ಮನೆಯನ್ನು ತಾನೇ ದುರಸ್ತಿ ಮಾಡಲಾರ, ಬೆಳೆಸಲಾರ. ಕಟ್ಟಡವು ಪೂರ್ಣವಾಗಿ ಅವನ ಕೈಗೆ ಬಂದಂತೆ ಕಂಡರೂ ಅದರ ಆಯುಷ್ಯ ಇನ್ನೊಬ್ಬರ ಕೈಯಲ್ಲಿರುತ್ತದೆ. ಅರಣ್ಯದಲ್ಲಿ ಮಗನಿಗೆ ಮದುವೆಯಾದರೆ ಮೇಲೊಂದು ಕೋಣೆ ಏಳುತ್ತದೆ. ಬೀದಿಬದಿಯ ಕೋಣೆ ಅಂಗಡಿಯಾಗುತ್ತದೆ. ಸಂಸಾರ ಬೆಳೆದಂತೆ ಮನೆ ಬೆಳೆಯುತ್ತದೆ.

ಪರಿಸರದ ದೃಷ್ಟಿಯಿಂದಲೂ ಇದೇ ಮಾತನ್ನು ಹೇಳಬೇಕಾಗುತ್ತದೆ. ಹವೆಯನ್ನು ಓದಿ ಕಟ್ಟುವುದು ನಮಗೆ ಹೊಸ ವಿದ್ಯೆಯಲ್ಲ. ೧೪೩೦ರಲ್ಲಿ ಕಟ್ಟಿಸಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳನ್ನು ನೋಡಿದವರಿಗೆ, ಕರಾವಳಿಯ ಮಳೆಯೇ ಆ ರೂಪವನ್ನು ಕಡೆದಿದೆ ಎಂಬುದು ತಿಳಿಯುತ್ತದೆ. ಇಂದೋರಿನ ಕಷ್ಟ ಮಳೆಗಿಂತ ಹೆಚ್ಚಾಗಿ ಬೇಸಿಗೆಯದು. ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು ಪರಸ್ಪರರ ಗೋಡೆಗಳನ್ನು ಬಿಸಿಲಿನಿಂದ ಕಾಯುತ್ತವೆ. ಕಿರಿದಾದ ಬೀದಿಗೆ ಎರಡೂ ಬದಿಯ ಮನೆಗಳು ನೆರಳು ಚೆಲ್ಲುತ್ತವೆ. ಹಿತ್ತಿಲ ಅಂಗಳ ಒಳಕೋಣೆಗೆ ಗಾಳಿ ತರುತ್ತದೆ. ಇದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ನಿವೇಶನಗಳು ಚಿಕ್ಕವಾದ್ದರಿಂದ ಊರು ಹೊಲಗಳನ್ನು ನುಂಗುತ್ತ ಹರಡುವುದು ತಪ್ಪುತ್ತದೆ. ಅಂಗಡಿ ಮತ್ತು ಶಾಲೆಗಳು ನಡೆದು ಹೋಗುವಷ್ಟು ಹತ್ತಿರದಲ್ಲಿರುತ್ತವೆ. ಶೌಚಗೃಹಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಗುಂಪಾಗಿ ಕಟ್ಟಿ, ೨೦ ಮನೆಗಳಿಗೆ ಒಂದರಂತೆ ಮಲಗುಂಡಿ ಒದಗಿಸಿದ್ದರಿಂದ ಕೊಳವೆಯ ಉದ್ದ ಮತ್ತು ವೆಚ್ಚ ಎರಡೂ ಇಳಿದವು. ಇವೆಲ್ಲಕ್ಕಿಂತ ಮಿಗಿಲಾಗಿ, ಬೆಳೆಯಬಲ್ಲ ಮನೆಯನ್ನು ಒಡೆಯಬೇಕಾಗಿಲ್ಲ. ಸುಟ್ಟ ಇಟ್ಟಿಗೆ, ಸಿಮೆಂಟು, ಕಬ್ಬಿಣಗಳ ಹಿಂದೆ ಎಷ್ಟು ಮಣ್ಣು, ಎಷ್ಟು ಕಲ್ಲಿದ್ದಲು, ಎಷ್ಟು ಜೀವಹಾನಿ ಅಡಗಿದೆಯೆಂದು ನೆನೆದರೆ, ಒಮ್ಮೆ ಕಟ್ಟಿದುದನ್ನು ಕೆಡವದೆ ಬಾಳಿಸುವುದು ಅಹಿಂಸೆಯ ಒಂದು ಸಾಕ್ಷಾತ್ ಆಚರಣೆಯೆಂದು ಒಪ್ಪಬೇಕಾಗುತ್ತದೆ.

ಇಲ್ಲಿಯವರೆಗೆ ಗುಣವನ್ನು ಹೇಳಿದ್ದಾಯಿತು. ವಿಮರ್ಶೆಯ ಕರ್ತವ್ಯ ಅಲ್ಲಿಗೆ ಮುಗಿಯುವುದಿಲ್ಲ.

ಮೊದಲನೆಯ ಆಕ್ಷೇಪ ನಕ್ಷೆಯನ್ನೇ ಕುರಿತದ್ದು. ಬಡಾವಣೆಯ ಆರು ವಿಭಾಗಗಳಲ್ಲಿ ಪ್ರತಿಯೊಂದರ ನಡುವೆ ಕಡುಬಡವರು; ಸ್ಥಿತಿವಂತರು ಅಂಚುಗಳಲ್ಲಿ ಮತ್ತು ನಡುಬೀದಿಯ ಬದಿಯಲ್ಲಿ. ಎಲ್ಲ ವರ್ಗದವರೂ ಒಂದೇ ಊರಿನಲ್ಲಿ ಬಾಳುತ್ತಾರೆಂಬುದು ಪ್ರಶಂಸನೀಯವೇ. ಆದರೆ ದೊಡ್ಡ ರಸ್ತೆಯ ಮುಖ, ಅದರಿಂದ ಬರುವ ವ್ಯಾಪಾರದ ಲಾಭ ಯಾರ ಪಾಲಾಯಿತು? ಹಣವಿದ್ದವರ ಪಾಲಾಯಿತು. ಒಳಗಿನವರಿಗೆ ವಾಹನಗಳ ಕಾಟವಿಲ್ಲದ ನೆಮ್ಮದಿ ಸಿಕ್ಕಿತು. ಹೊರಗಿನವರಿಗೆ ಆದಾಯ ಸಿಕ್ಕಿತು. ಚಿಕ್ಕ ನಿವೇಶನದ ಬೆಲೆ ಇಳಿಯಬೇಕಾದರೆ ದೊಡ್ಡದರ ಬೆಲೆ ಏರಬೇಕೆಂಬ ಲೆಕ್ಕ ಸರಿ. ಆದರೂ ಮುಖ್ಯರಸ್ತೆಯ ಕೆಲವು ಅಂಗಡಿಗಳಾದರೂ ಒಳಗಿನವರ ಹೆಸರಿನಲ್ಲಿದ್ದರೆ ಆ ಸಹಬಾಳ್ವೆಗೆ ಇನ್ನಷ್ಟು ಅರ್ಥ ಬರುತ್ತಿತ್ತು.

ಎರಡನೆಯದು ವಿಮರ್ಶಕರನ್ನೇ ಕುರಿತದ್ದು. ಅರಣ್ಯದ ಬಗ್ಗೆ ಬಂದ ಗ್ರಂಥ ಮತ್ತು ಲೇಖನಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರಗಳು ದೋಶಿಯವರ ಆ ೮೦ ಮನೆಗಳವು. ಅವು ಸುಂದರವಾಗಿವೆ, ನಿಜ. ಆದರೆ ಈ ಕೃತಿಯ ಸತ್ತ್ವ ಇರುವುದು ಉಳಿದ ಸಾವಿರಾರು ಮನೆಗಳಲ್ಲಿ. ಶಿಲ್ಪಿಯ ಹೆಸರಿಲ್ಲದ, ಕೆಲವೊಮ್ಮೆ ಅಂದಗೆಟ್ಟ, ಬಣ್ಣ ಬಣ್ಣದ ಮನೆಗಳಲ್ಲಿ. ಮಾದರಿ ಮನೆಯ ಜಗಲಿಯನ್ನು ಯಾರೋ ಮುಚ್ಚಿ ಕೋಣೆ ಮಾಡಿಕೊಂಡರೆಂದು ಮರುಗುವವನು ಈ ಯೋಜನೆಯನ್ನು ಅರಿತಿಲ್ಲ. ಬೀಜವನ್ನು ಮೆಚ್ಚಿ ಗಿಡವನ್ನು ಹಳಿದಂತೆ ಅದು.

ಮೂರನೆಯದು ಭೂಮಿಯ ಬೆಲೆಯದು. ನಗರ ಬೆಳೆದಂತೆ ನೆಲಕ್ಕೆ ಬೆಲೆ ಏರುತ್ತದೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಸಿಲುಕಿದ ಬಡವನು ತನ್ನ ಪಾಲಿನ ನಿವೇಶನವನ್ನು ಮಾರಿ ಮತ್ತೆ ಕೊಳೆಗೇರಿಗೆ ಮರಳುವ ಅಪಾಯ ಇಂತಹ ಪ್ರತಿಯೊಂದು ಯೋಜನೆಗೂ ಅಂಟಿಕೊಂಡಿದೆ. ಇದನ್ನು ಯಾವ ನಕ್ಷೆಯೂ ತಡೆಯಲಾರದು. ವಾಸ್ತುಶಿಲ್ಪದಿಂದ ಸಮಾಜದ ಎಲ್ಲ ಕಾಯಿಲೆಗಳೂ ಗುಣವಾಗುತ್ತವೆಂದು ನಂಬುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಟ್ಟಡವು ಬಾಳಿಗೆ ಅನುವು ಮಾಡಿಕೊಟ್ಟೀತು. ಸಾಲವನ್ನು ತೀರಿಸಲಾರದು.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಅಪೂರ್ಣ ಮನೆ ಎಂಬುದು ಬಡವನಿಗೆ ಸ್ವಾತಂತ್ರ್ಯವೋ, ಕೊಡುವವನಿಗೆ ಉಳಿತಾಯವೋ? ದಿನಗೂಲಿಯವನು ಹಗಲೆಲ್ಲ ಪರರ ಕಟ್ಟಡದಲ್ಲಿ ದುಡಿದು ಬಂದು, ರಾತ್ರಿ ತನ್ನ ಗೋಡೆಯನ್ನು ಕಟ್ಟಬೇಕು. ನೀರು ಹೊರುವ, ಇಟ್ಟಿಗೆ ಎತ್ತಿಕೊಡುವ ಭಾರ ಮನೆಯ ಹೆಂಗಸಿನ ಮೇಲೆ ಬೀಳುತ್ತದೆ. ‘ನಿನ್ನ ಮನೆಯನ್ನು ನೀನೇ ಕಟ್ಟಿಕೋ’ ಎಂಬ ಮಾತು ಗೌರವದ ಮಾತೂ ಆಗಬಹುದು, ಕೈತೊಳೆದುಕೊಳ್ಳುವ ಮಾತೂ ಆಗಬಹುದು. ಕಡಿಮೆ ಕೊಟ್ಟು ಅದಕ್ಕೆ ತತ್ತ್ವದ ಹೊದಿಕೆ ಹೊದಿಸುವುದು ಸುಲಭ.

ಈ ಆಕ್ಷೇಪಕ್ಕೆ ಅರಣ್ಯದಲ್ಲಿಯೇ ಉತ್ತರವಿದೆಯೆಂದು ನಮಗೆ ತೋರುತ್ತದೆ. ಏನನ್ನು ಬಿಟ್ಟಿದ್ದಾರೆಂಬುದನ್ನು ನೋಡುವ ಮೊದಲು ಏನನ್ನು ಕೊಟ್ಟಿದ್ದಾರೆಂಬುದನ್ನು ನೋಡಬೇಕು. ಗೋಡೆಯನ್ನು ಬಡವನು ಮಣ್ಣಿನಿಂದಲೋ ತಗಡಿನಿಂದಲೋ ಹೇಗೋ ಎಬ್ಬಿಸುತ್ತಾನೆ. ಕೊಳೆಗೇರಿಗಳೇ ಅದಕ್ಕೆ ಸಾಕ್ಷಿ. ಅವನೊಬ್ಬನಿಂದ ಆಗದಿರುವುದು ನಾಲ್ಕು: ಯಾರೂ ಎಬ್ಬಿಸಲಾರದ ನೆಲದ ಹಕ್ಕು, ಶುದ್ಧವಾದ ನೀರು, ಮಲಿನವನ್ನು ಒಯ್ಯುವ ಚರಂಡಿ, ಭದ್ರವಾದ ತಳಪಾಯ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣನ್ನು ಕಂಡ ನಮ್ಮ ಉತ್ತರ ಕರ್ನಾಟಕದ ವಾಚಕರಿಗೆ, ಕಪ್ಪುಮಣ್ಣಿನ ಮಾಲವದಲ್ಲಿ ತಳಪಾಯದ ಬೆಲೆಯೇನೆಂದು ಹೇಳಬೇಕಾಗಿಲ್ಲ. ಬಡವನಿಂದ ಆಗದುದನ್ನು ಕೊಟ್ಟು, ಆಗುವುದನ್ನು ಅವನಿಗೆ ಬಿಟ್ಟರೆ ಅಪೂರ್ಣತೆ ಸ್ವಾತಂತ್ರ್ಯವಾಗುತ್ತದೆ. ಈ ನಾಲ್ಕನ್ನೂ ಕೊಡದೆ ಬರಿಯ ನಿವೇಶನದ ಕಾಗದವನ್ನು ಕೈಗಿತ್ತರೆ ಅದು ಅನಾದರ. ಎಲ್ಲವನ್ನೂ ತಾನೇ ಕಟ್ಟಿ, ಬಣ್ಣವನ್ನೂ ತಾನೇ ಆರಿಸಿ, ಹೀಗೆಯೇ ಬಾಳು ಎಂದು ಕೀಲಿಕೈ ಕೊಟ್ಟರೆ ಅದು ಯಜಮಾನಿಕೆ. ಅರಣ್ಯದ ಶ್ರೇಷ್ಠತೆಯಿರುವುದು ಈ ಎರಡರ ನಡುವಣ ಗೆರೆಯನ್ನು ಬಹುಮಟ್ಟಿಗೆ ಸರಿಯಾದ ಕಡೆ ಎಳೆದುದರಲ್ಲಿ.

ಇಲ್ಲಿ ನಮ್ಮ ಟ್ರಸ್ಟುಗಳು ಮತ್ತು ದಾನಿಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನೀರು, ಚರಂಡಿ, ತಳಪಾಯಗಳೆಲ್ಲವೂ ಕಣ್ಣಿಗೆ ಬೀಳದ ವಸ್ತುಗಳು. ಅವುಗಳಿಗೆ ಹಣ ಕೊಟ್ಟವನ ಹೆಸರನ್ನು ಎಲ್ಲಿ ಕೆತ್ತಿಸುವುದು? ಸಭಾಮಂಟಪಕ್ಕೆ ದಾನಿಗಳು ದೊರೆಯುತ್ತಾರೆ, ಮಹಾದ್ವಾರಕ್ಕೆ ದೊರೆಯುತ್ತಾರೆ, ಅಮೃತಶಿಲೆಯ ನೆಲಹಾಸಿಗೆ ಚದರಡಿಯ ಲೆಕ್ಕದಲ್ಲಿ ದೊರೆಯುತ್ತಾರೆ. ಚರಂಡಿಗೆ ದಾನಿಯಿಲ್ಲ. ಸೇವಕರಿಗೆಂದು ಕಟ್ಟಿಸಿದ ಸಾಲುಮನೆಗಳನ್ನು ನಾವು ಕಂಡಿದ್ದೇವೆ. ಮುಂಭಾಗದಲ್ಲಿ ದಾನಿಗಳ ಫಲಕವಿರುತ್ತದೆ, ಜಗಲಿಗೆ ಜಾಗವಿರುವುದಿಲ್ಲ. ಹೆಂಗಸರು ಬಾಗಿಲ ಮುಂದೆ ತಗಡು ಇಳಿಸಿ ಅದರಡಿಯಲ್ಲಿ ಒಲೆ ಹೂಡಿದರೆ ‘ಕಟ್ಟಡದ ಅಂದ ಕೆಡಿಸಿದರು’ ಎಂಬ ದೂರು ಬೇರೆ. ಕೆಟ್ಟದ್ದು ಅಂದವಲ್ಲ, ಕಟ್ಟುವ ಮೊದಲು ಅಲ್ಲಿ ಬಾಳುವವರನ್ನು ನಾವು ಒಂದು ಮಾತೂ ಕೇಳಿರಲಿಲ್ಲ.

ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದು ಶ್ರಾವಕನ ವ್ರತ. ಹಣ, ಹೊಲ, ಬಂಗಾರಗಳಿಗೆ ನಾವು ಅದನ್ನು ಅನ್ವಯಿಸುತ್ತೇವೆ. ದಾನ ಮಾಡುವಾಗಲೂ ಒಂದು ಬಗೆಯ ಪರಿಗ್ರಹ ಉಳಿಯುತ್ತದೆಂಬುದು ನಮಗೆ ಹೊಳೆಯುವುದಿಲ್ಲ. ಕೊಟ್ಟ ಮನೆಯ ರೂಪದ ಮೇಲೆ, ಬಣ್ಣದ ಮೇಲೆ, ಅದರಲ್ಲಿ ಬಾಳುವವರ ರೀತಿಯ ಮೇಲೆ ನಮ್ಮ ಒಡೆತನವನ್ನು ಇರಿಸಿಕೊಂಡರೆ ಕೊಟ್ಟಂತಾಗಲಿಲ್ಲ. ಅರಣ್ಯದ ಶಿಲ್ಪಿ ಮಾಡಿದ ಮುಖ್ಯ ಕಾರ್ಯ ಈ ಒಡೆತನವನ್ನು ಬಿಟ್ಟುಕೊಟ್ಟದ್ದು. ಸಾವಿರಾರು ಮನೆಗಳನ್ನು ತನ್ನ ಕೈಯಿಂದಲೇ ಚೆಲುವಾಗಿ ಬರೆಯಬಲ್ಲ ಕಲಾವಿದನೊಬ್ಬ ಎಂಬತ್ತರಲ್ಲಿ ಕೈ ತಡೆದದ್ದು ಸಣ್ಣ ಸಂಯಮವಲ್ಲ.

ಮುಂದೆ ವಸತಿಯ ಕಾರ್ಯಕ್ಕೆ ಕೈಹಾಕುವ ಆಡಳಿತ ಮಂಡಳಿಗಳು ಇಂದೋರಿನ ನಕ್ಷೆಯನ್ನು ನಕಲು ಮಾಡಬೇಕೆಂದು ನಾವು ಹೇಳುವುದಿಲ್ಲ. ಕರಾವಳಿಯ ಮಳೆ ಬೇರೆ, ಬಿಜಾಪುರದ ಬಿಸಿಲು ಬೇರೆ. ಆದರೆ ಶಿಲ್ಪಿಯನ್ನು ಕರೆಸುವ ಮೊದಲು ಆ ಮನೆಗಳಲ್ಲಿ ಬಾಳಲಿರುವ ನಾಲ್ಕಾರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ದಿನದ ಯಾವ ಕೆಲಸ ಎಲ್ಲಿ ನಡೆಯುತ್ತದೆಂದು ಕೇಳಬಹುದು. ಹಕ್ಕುಪತ್ರ ಯಾರ ಹೆಸರಿಗೆ ಎಂಬುದನ್ನು ಮೊದಲೇ ನಿಶ್ಚಯಿಸಬಹುದು. ಹಣ ಸಾಲದಿದ್ದರೆ ಮಹಡಿಯನ್ನು ಬಿಟ್ಟು ಚರಂಡಿಯನ್ನು ಉಳಿಸಬಹುದು. ಹತ್ತಿರದಲ್ಲಿ ಸಿಗುವ ಕಲ್ಲು ಮತ್ತು ಮಣ್ಣುಗಳಿಂದ ಆಗುವುದಾದರೆ ದೂರದ ಅಮೃತಶಿಲೆಯನ್ನು ತರಿಸದಿರಬಹುದು. ಪ್ರತಿ ಮನೆಯ ಮುಂದೆಯೂ ಒಂದು ಜಗಲಿಗೆ ಎಡೆ ಇರಿಸಬಹುದು. ಇದರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

ಆ ಜಗಲಿಯ ಮೇಲೆ ಸಂಜೆ ಒಬ್ಬ ಮುದುಕಿ ಕುಳಿತು ಅಕ್ಕಿ ಆರಿಸುತ್ತ, ಬೀದಿಯಲ್ಲಾಡುವ ಮಕ್ಕಳನ್ನು ಗದರಿಸುತ್ತಿದ್ದರೆ ದಾನವು ಸಾರ್ಥಕವಾಯಿತೆಂದು ತಿಳಿಯಬೇಕು. ದಾನಿಯ ಹೆಸರು ಆಕೆಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ.